ಹೊಟ್ಟೆಯ ಪಾಠ

ಮೀನಿನ ತುಟಿ ಒಂದು ಸಲ ಅಂಗೈಗೆ ತಾಗಿದರೆ ಮಗು ಆಮೇಲೆ ಆ ಮೀನಿಗೆ ಕೇಡು ಬಗೆಯಲಾರದು. ಕೈತುತ್ತು ಯೋಜನೆ ಪೂರ್ತಿ ನಿಂತಿದ್ದು ಈ ವಾಕ್ಯದ ಮೇಲೆ. ಬರೆದವಳು ಇಂಪನ. ಆಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಪಿಎಚ್.ಡಿ. ಕೈಗೆ ಬಂದು ಎಂಟು ತಿಂಗಳಾಗಿತ್ತು. ವಾಕ್ಯಗಳ ಮೇಲೆ ನಂಬಿಕೆ ಇತ್ತು.

ಐದು ವರ್ಷ ಕಳೆದ ಮೇಲೆ, ಜ್ಯೇಷ್ಠ ಮಾಸದ ಕೊನೆಯ ವಾರದಲ್ಲಿ, ಅವಳು ಸೋಮನಮಡುವಿನ ಕೆಳಗಿನ ಮೆಟ್ಟಿಲಲ್ಲಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ನೀರಿನ ಮೇಲೆ ಬೆರಳುದ್ದದ ಬಿಳಿ ಎಳೆಗಳು ತೇಲುತ್ತಿದ್ದವು. ಮೀನಿನ ಹೇಲು. ಅದರ ಸುತ್ತ ಎಣ್ಣೆಯ ಪಸೆ, ಪಸೆಯ ಮೇಲೆ ನೊಣ. ಅಂಚಿನ ಬಂಡೆಗಳಿಗೆ ಹಳಸಿದ ಹಿಟ್ಟಿನ ಲೋಳೆ ಅಂಟಿ, ಒಣಗಿ, ಬಿರುಕು ಬಿಟ್ಟಿತ್ತು.

ಕಾವೇರಿ ಇಲ್ಲಿ ಒಂದು ದೊಡ್ಡ ಬಂಡೆಯನ್ನು ಬಳಸಿ ತಿರುಗುತ್ತಾಳೆ. ತಿರುವಿನಲ್ಲಿ ಆಳವಾದ ಮಡು, ಮೇಲೆ ಸೋಮೇಶ್ವರನ ಗುಡಿ. ಗುಡಿಯ ಕೆಳಗಿನ ಮೀನು ದೇವರ ಮೀನು. ಇಲ್ಲಿ ಬಲೆ ಬೀಸಿದವರಿಲ್ಲ. ಬೇರೆ ಕಡೆ ಅಣೆಕಟ್ಟು, ಸಿಡಿಮದ್ದು, ಮರಳಿನ ಲಾರಿಗಳ ನಡುವೆ ಬಿಳಿಮೀನು ಮುಗಿದುಹೋಗಿತ್ತು. ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ, ಮನುಷ್ಯನಷ್ಟು ಉದ್ದ ಬೆಳೆಯಬಲ್ಲ ಮಶೀರ್ ಅದು. ಲೆಕ್ಕಕ್ಕೆ ಸಿಕ್ಕ ಕೊನೆಯ ಅರವತ್ತೊಂದು ಈ ಮಡುವಿನಲ್ಲಿದ್ದವು. ನಿನ್ನೆಯಿಂದ ಅರವತ್ತು.

ಯಂತ್ರ ಕಷ್ಟದ್ದೇನಲ್ಲ. ಪ್ರತಿ ಮೀನಿನ ತುಟಿಯೊಳಗೆ ಅಕ್ಕಿಕಾಳಿನಷ್ಟು ಒಂದು ಮಣಿ. ಮೀನು ಬಾಯಿ ಹಾಕಿದಾಗ ತುಟಿಯ ಮೇಲೆ ಬೀಳುವ ಒತ್ತಡವನ್ನು ಮಣಿ ದಡದ ಕಂಬಕ್ಕೆ ಕಳುಹಿಸುತ್ತದೆ. ಕಂಬದಿಂದ ಅದು ರಾಜ್ಯದ ಹನ್ನೊಂದು ಸಾವಿರ ಶಾಲೆಗಳಿಗೆ ಹೋಗುತ್ತದೆ. ತರಗತಿಯಲ್ಲಿ ಮಗುವಿಗೊಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ತಣ್ಣನೆಯ, ತೆಳ್ಳನೆಯ ಪೊರೆ. ಮಗು ಕೈಯೊಡ್ಡಿ "ತುತ್ತು" ಎಂದರೆ ಸೋಮನಮಡುವಿನಲ್ಲಿ ಯಂತ್ರದ ತೋಳು ಹಿಟ್ಟಿನ ಉಂಡೆ ಎಸೆಯುತ್ತದೆ, ಮೀನು ಹಿಡಿಯುತ್ತದೆ, ಅದರ ತುಟಿ ಪೊರೆಯ ಮೂಲಕ ಅಂಗೈಯನ್ನು ಚೀಪಿ ಬಿಡುತ್ತದೆ. ನಿಜವಾದ ಮೀನಿನ ನಿಜವಾದ ತುಟಿ. ಕೈಯಿಟ್ಟ ಮಗು ನಗದೆ ಇದ್ದದ್ದನ್ನು ಇಂಪನ ಮೊದಲ ವರ್ಷ ಕಂಡೇ ಇರಲಿಲ್ಲ.

ಸುಳ್ಳು ಇದ್ದದ್ದು ಒಂದೇ. ಮೂರು ಲಕ್ಷ ಮಕ್ಕಳ ಮೂರು ಲಕ್ಷ ಉಂಡೆ ತಿನ್ನುವಷ್ಟು ಮೀನು ಭೂಮಿಯ ಮೇಲಿಲ್ಲ. ಹಾಗಾಗಿ ನೂರು ಮಕ್ಕಳು ಕೈಯೊಡ್ಡಿದರೆ ಒಂದು ಉಂಡೆ; ನೂರು ಅಂಗೈಗೂ ಅದೇ ತುಟಿ. ಸಣ್ಣ ಸುಳ್ಳು, ಮಕ್ಕಳಿಗೆ ಹೇಳುವಂಥದ್ದು ಎಂದು ಅವಳೂ ಒಪ್ಪಿದ್ದಳು.

ಆಮೇಲೆ ಇಲಾಖೆ ತುತ್ತಿಗೆ ಅಂಕ ಇಟ್ಟಿತು. ಎಷ್ಟು ಸಲ ಉಣಿಸಿದರೆ ಅಷ್ಟು ಕರುಣಾಂಕ. ಕರುಣಾಂಕ ವಾರ್ಷಿಕ ಪರೀಕ್ಷೆಗೆ ಸೇರಿತು. ತಾಯಂದಿರು ಶಾಲೆಯ ಗೇಟಿನಲ್ಲಿ ನಿಂತು ಯಾರ ಮಗುವಿನದು ಎಷ್ಟು ಎಂದು ವಿಚಾರಿಸತೊಡಗಿದರು. ಹಾಸನದಲ್ಲಿ ಕರುಣೆಗೆ ಟ್ಯೂಷನ್ ಶುರುವಾಯಿತು: ಸಂಜೆ ಐದರಿಂದ ಆರು, ಬಾಡಿಗೆ ಪೆಟ್ಟಿಗೆ, ಒಂದು ಗಂಟೆಯಲ್ಲಿ ನಲವತ್ತು ತುತ್ತು ಗ್ಯಾರಂಟಿ.

ಮೀನುಗಳು ದಿನಕ್ಕೆ ಹನ್ನೊಂದು ಗಂಟೆ ತಿಂದವು. ಎದುರಿಗೆ ಬಿದ್ದದ್ದನ್ನು ನುಂಗುವುದಷ್ಟೇ ಅವಕ್ಕೆ ಗೊತ್ತು.

ಸತ್ತ ಮೀನನ್ನು ಇಂಪನ ದಡದ ಕಲ್ಲುಚಪ್ಪಡಿಯ ಮೇಲೆ ಮಲಗಿಸಿ ಕೊಯ್ದಳು. ಸಹಾಯಕ್ಕೆ ನಿಂತವನು ಜವರಯ್ಯ, ಬೆಸ್ತರವನು. ಮಡುವಿನ ಕಾವಲು ಅವನ ಮನೆತನಕ್ಕೆ ಗುಡಿಯಷ್ಟೇ ಹಳೆಯದು. ಚಾಕು ಹೊಟ್ಟೆಗೆ ಇಳಿದಾಗ ರಕ್ತ ಬರಲಿಲ್ಲ. ಹಳದಿ ಕೊಬ್ಬು ಬಂತು, ಕರಗಿದ ಡಾಲ್ಡಾದ ಹಾಗೆ, ಚಪ್ಪಡಿಯ ಅಂಚಿನಿಂದ ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಕೆಂಪಗಿರಬೇಕಾದ ಪಿತ್ತಜನಕಾಂಗ ಬೆಣ್ಣೆಯ ಬಣ್ಣಕ್ಕೆ ತಿರುಗಿ, ಬೆರಳಿಟ್ಟರೆ ಬೆರಳು ಇಳಿಯುವಂತಿತ್ತು. ಮೊಟ್ಟೆಯ ಚೀಲದಲ್ಲಿ ಮೊಟ್ಟೆಗಳಿರಲಿಲ್ಲ. ಬೂದು ಬಣ್ಣದ ಅಂಟು ಇತ್ತು.

"ಇದೇನವ್ವಾ ಇದು, ಗಂಜಿ ಇದ್ದಂಗದೆ," ಎಂದ ಜವರಯ್ಯ ಟವೆಲ್ಲಿನಿಂದ ಮೂಗು ಹಿಡಿದು.

"ಮೊಟ್ಟೆನೇ. ಇಡೋಕೆ ಹೋಗ್ಲಿಲ್ಲ ಅಂದ್ರೆ ಮೈಯೊಳಗೇ ಕರಗಿಹೋಗತ್ತೆ. ಐದು ವರ್ಷದಿಂದ ಒಂದು ಮರೀನೂ ಯಾಕಿಲ್ಲ ಅಂದ್ಕೊಳ್ತಿದ್ದೆ."

"ಹೋಗದೆಲ್ಲಿಗೆ? ಬಾಯಿಗೇ ಬಂದು ಬೀಳ್ತಾ ಅದಲ್ಲ." ಅವನು ಮಡುವಿನ ಕಡೆ ಉಗುಳಲು ಹೋಗಿ, ದೇವರ ನೀರು ಎಂದು ನೆನಪಾಗಿ, ನುಂಗಿಕೊಂಡ. "ನಮ್ ತಾತನ ಕಾಲ್ದಲ್ಲಿ ಹಿಂಗಿರ್ನಿಲ್ಲ. ಆಷಾಢಕ್ಕೆ ಹೆಣ್ಮಕ್ಳು ತೌರಿಗೆ ಹೋಗಾಕಿಲ್ವಾ, ಹಂಗೆ ಇವೂವೆ. ಕೆಂಪು ನೀರು ಬಂತು ಅಂದ್ರೆ ಕಲ್ಲಹಳ್ಳಕ್ಕೆ ಹತ್ತವು, ಅಲ್ಲಿ ಮೊಟ್ಟೆ ಇಡವು. ಆ ಒಂದ್ ತಿಂಗ್ಳು ಈ ಮೆಟ್ಲಲ್ಲಿ ಒಂದು ಪುರಿಕಾಳು ಬೀಳಂಗಿರ್ನಿಲ್ಲ. ಯಾರಾರ ಹಾಕುದ್ರೆ ತಾತ ಬೋದು ಅಟ್ಟೋನು. ತೌರಿಗೆ ಹೊಂಟೋಳ್ನ ಊಟದಾಸೆ ತೋರ್ಸಿ ಕೂರಿಸ್ಕತೀರೇನ್ರೋ ಅನ್ನೋನು."

"ಅದು ಯಾವಾಗ ನಿಂತಿದ್ದು?"

"ನಿಮ್ ಮಿಷಿನ್ ಬಂದಾಗ. ಮಿಷಿನ್ಗೆ ಆಷಾಢ ಗೊತ್ತಾದದಾ?"

"ನೀನ್ಯಾಕೆ ಹೇಳ್ಲಿಲ್ಲ ಜವರಯ್ಯ?"

"ಕೇಳುದ್ರಾ ನೀವು? ಫಾರಂ ತುಂಬುಸ್ಕಂಡ್ರಿ. ಹೆಸ್ರು, ವಯಸ್ಸು, ಜಾತಿ. ಆಷಾಢ ಅಂತ ಕಾಲಂ ಇರ್ನಿಲ್ಲ."

ಇಂಪನ ಚಾಕು ತೊಳೆದಳು. ಎಷ್ಟು ತೊಳೆದರೂ ಹಿಡಿ ಜಾರುತ್ತಿತ್ತು. ಮಡುವಿನಲ್ಲಿ ಈ ವರ್ಷ ಮೊಟ್ಟೆ ಕಟ್ಟಿದ್ದ ಹೆಣ್ಣುಗಳು ಇನ್ನು ಹದಿನೇಳು. ಎರಡು ವಾರದಲ್ಲಿ ಕೊಡಗಿನ ಮಳೆಯ ಕೆಂಪು ನೀರು ಇಳಿಯುತ್ತದೆ. ಆ ಹೊತ್ತಿಗೆ ಹೊಟ್ಟೆ ಖಾಲಿಯಿದ್ದರೆ ಮೀನು ನೀರಿನ ಎದುರು ಹತ್ತೀತು. ತುಂಬಿದ್ದರೆ ಇಲ್ಲೇ ಬಿದ್ದಿರುತ್ತದೆ, ಮೊಟ್ಟೆ ಗಂಜಿಯಾಗುತ್ತದೆ. ಇನ್ನೊಂದು ವರ್ಷ ತಡೆಯುವ ಪಿತ್ತಜನಕಾಂಗ ಆ ಹದಿನೇಳರಲ್ಲಿ ಯಾವುದಕ್ಕೂ ಇರಲಿಲ್ಲ.

ನಿಯಂತ್ರಣ ಕೊಠಡಿ ಗುಡಿಯ ಹಳೆಯ ಯಾತ್ರಿನಿವಾಸದಲ್ಲಿತ್ತು. ಗೋಡೆಯ ತುಂಬ ಮೀನಿಗೊಂದರಂತೆ, ಶಾಲೆಗಳ ತೆರೆಯಲ್ಲೂ ಕಾಣುವ ಅರವತ್ತೊಂದು ಹಸಿರು ಚುಕ್ಕೆ; ಸತ್ತದ್ದರದು ಇನ್ನೂ ಆರಿಸಿರಲಿಲ್ಲ; ಮೇಲೆ ಆ ಕ್ಷಣ ಎಷ್ಟು ಪುಟ್ಟ ಕೈಗಳು ಪೆಟ್ಟಿಗೆಯಲ್ಲಿವೆ ಎಂಬ ಸಂಖ್ಯೆ. ಯೋಜನೆಯ ನಿರ್ದೇಶಕ ವೃಷಭೇಂದ್ರ ಬೆಂಗಳೂರಿನಿಂದ ತೆರೆಯ ಮೇಲೆ ಬಂದರು. ಅವರು ಏನನ್ನೋ ಅಗಿಯುತ್ತಿದ್ದರು.

"ನಲವತ್ತು ದಿನ ತುತ್ತು ನಿಲ್ಸಿ ಸರ್. ಅಷ್ಟೇ ನಾನು ಕೇಳ್ತಿರೋದು."

"ನೋಡಿ ಇಂಪನ, ಸೈನ್ಸ್ ನಂಗೆ ಅರ್ಥ ಆಗತ್ತೆ. ಆದ್ರೆ ಮೂರು ಲಕ್ಷ ಮಕ್ಕಳಿಗೆ ಇವತ್ತಿಂದ ತುತ್ತು ಹಾಕ್ಬೇಡಿ ಅಂದ್ರೆ ಏನು ಮೆಸೇಜ್ ಹೋಗತ್ತೆ?"

"ಮೀನಿಗೆ ಹಸಿವಿಲ್ಲ ಅಂತ."

"ಹಸಿವಿಲ್ಲದ ಪ್ರಾಣೀನ ಮಕ್ಕಳು ಯಾಕ್ರೀ ಪ್ರೀತಿಸ್ಬೇಕು?" ಅವರು ನಿಜವಾಗಿಯೂ ಕೇಳುತ್ತಿದ್ದರು. ಬಾಯಿ ಒರೆಸಿಕೊಂಡರು. "ಸತ್ತಿದ್ದನ್ನ ರಿಪೋರ್ಟಲ್ಲಿ ವಯೋಸಹಜ ಅಂತ ಹಾಕಿ. ಆ ಚುಕ್ಕೆ ಆರಿಸ್ಬೇಡಿ, ಮಕ್ಕಳು ಎಣಿಸ್ತಾವೆ. ಹಳೇ ರೆಕಾರ್ಡಿಂಗ್ ಓಡ್ಸಿ."

ಅವಳ ಮನೆ ಆರು ಕಿಲೋಮೀಟರ್ ದೂರದ ತಾಲ್ಲೂಕು ಪಟ್ಟಣದಲ್ಲಿತ್ತು. ಮನೆಯಲ್ಲಿ ಮೂವರು: ಅವಳು, ಎಂಟು ವರ್ಷದ ಮಗಳು ನೇಸರ, ಅತ್ತೆ ಜಯಶೀಲಮ್ಮ. ಗಂಡ ಹೋಗಿ ಮೂರು ವರ್ಷ. ಅವನ ಫೋಟೋ ಊಟದ ಮೇಜಿನ ಎದುರಿಗೇ ಇತ್ತು, ಅತ್ತೆ ಇರಿಸಿದ್ದು.

ಸಂಜೆ ಅವಳು ಹೋದಾಗ ಊಟ ನಡೆದಿತ್ತು. ನೇಸರಳ ತಟ್ಟೆಯಲ್ಲಿ ತುಪ್ಪದ ಅನ್ನ, ಅತ್ತೆಯ ಕೈಯಲ್ಲಿ ತುತ್ತು.

"ಇದು ಅಜ್ಜೀದು. ಆಂ. ಇದು ಚಂದಮಾಮಂದು. ಆಂ. ಇದು ನಿಮ್ಮಪ್ಪಂದು."

ಹುಡುಗಿಯ ಕೆನ್ನೆ ಉಬ್ಬಿತ್ತು, ಕಣ್ಣು ತೇಲುತ್ತಿತ್ತು. ಅಪ್ಪನ ಪಾಲನ್ನು ಬೇಡ ಅನ್ನುವಂತಿರಲಿಲ್ಲ. ಮೂರು ವರ್ಷದಿಂದ ದಿನಕ್ಕೆ ಎರಡು ಹೊತ್ತು ಅವಳು ಅಪ್ಪನ ಪಾಲನ್ನೂ ತಿನ್ನುತ್ತಿದ್ದಳು.

"ಸಾಕಾಗಿದೆ ಅನ್ಸತ್ತೆ ಅತ್ತೆ," ಎಂದಳು ಇಂಪನ.

"ಉಣ್ಣೋ ಮಗೂಗೆ ಕಣ್ಣು ಹಾಕ್ಬೇಡ. ಇವತ್ತು ಕರುಣಾಂಕ ಎಷ್ಟು ಬಂತು ಗೊತ್ತಾ? ತೊಂಬತ್ತಾರು. ಆ ಸಬ್ ರಿಜಿಸ್ಟ್ರಾರ್ ಮಗೀದು ತೊಂಬತ್ತೆರಡು. ಹೇಳೇ, ನಿಮ್ಮಮ್ಮಂಗೆ."

"ಇವತ್ತು ತೊಂಬತ್ತಾರು ಉಂಡೆ ಹಾಕ್ದೆ ಅಮ್ಮಾ," ಎಂದಳು ನೇಸರ ಬಾಯಿ ತುಂಬಿಕೊಂಡೇ. "ನಲವತ್ನಾಲ್ಕನೇ ನಂಬರ್ ಮೀನು ನನ್ನೇ ಕಾಯ್ತಿರತ್ತೆ. ಅದಕ್ಕೆ ಯಾವಾಗ್ಲೂ ಹಸಿವು."

ಇಂಪನ ಕೈ ತೊಳೆಯಲು ಎದ್ದು ಹೋದಳು. ಉಗುರಿನ ಸಂದಿಯಲ್ಲಿ ಹಳದಿ ಪಸೆ ಇನ್ನೂ ಇತ್ತು.

ಪಠ್ಯದಲ್ಲಿ ಎರಡನೇ ಪಾಠವೂ ಇತ್ತು. ಹೆಸರು "ಮೀನಿನ ಮೈಯೊಳಗೆ". ತುಟಿಯ ಮಣಿಯ ಜೊತೆ ಪ್ರತಿ ಮೀನಿನ ಹೊಟ್ಟೆಯ ಗೋಡೆಗೂ ಒಂದು ಮಣಿ ಹಾಕಿದ್ದರು, ಆರೋಗ್ಯ ನೋಡಲೆಂದು. ಅದರ ಒತ್ತಡವನ್ನು ಮಗುವಿಗೆ ಮುಟ್ಟಿಸಲು ಪಕ್ಕೆಪಟ್ಟಿ ಎಂಬ ಅಗಲವಾದ ಮೆತ್ತನೆಯ ಪಟ್ಟಿ. ಪೆಟ್ಟಿಗೆಯ ಜೊತೆಗೇ ಎಲ್ಲ ಶಾಲೆಗಳಿಗೂ ಹೋಗಿತ್ತು. ಮೀನು ಉಂಡರೆ ಮಗುವಿನ ಪಕ್ಕೆಯ ಕೆಳಗೆ ಅಷ್ಟೇ ಒತ್ತಡ. ಪಾಠವನ್ನು ವೃಷಭೇಂದ್ರರು ಎರಡು ವರ್ಷದ ಹಿಂದೆ ಓದದೆ ಸಹಿ ಮಾಡಿದ್ದರು. ಅಂಕವಿಲ್ಲದ್ದರಿಂದ ಯಾವ ಶಾಲೆಯೂ ಕೇಳಲಿಲ್ಲ. ಪಟ್ಟಿಗಳು ಬೀರುಗಳಲ್ಲಿ ಬಿದ್ದಿದ್ದವು.

ಮರುದಿನ ಮಧ್ಯಾಹ್ನ ಇಂಪನ ಕೊಠಡಿಯ ಬಾಗಿಲು ಹಾಕಿಕೊಂಡು ಪಟ್ಟಿಯನ್ನು ತಾನೇ ಕಟ್ಟಿಕೊಂಡಳು. ನಲವತ್ತನಾಲ್ಕನೇ ಮೀನನ್ನು ಆರಿಸಿದಳು.

ಮೊದಲು ಬರೀ ಬಿಗಿ. ಸೊಂಟಕ್ಕೆ ಒದ್ದೆ ಸೀರೆ ಸುತ್ತಿದ ಹಾಗೆ. ಆಮೇಲೆ ಯಂತ್ರದ ತೋಳು ಉಂಡೆ ಎಸೆಯಿತು. ಪಕ್ಕೆಯ ಕೆಳಗೆ ಒಂದು ಮುಷ್ಟಿ ಒತ್ತಿತು, ತೆಗೆಯಲಿಲ್ಲ. ಇನ್ನೊಂದು ಉಂಡೆ, ಮುಷ್ಟಿ ದೊಡ್ಡದಾಯಿತು. ಒಳಗಿದ್ದದ್ದು ಕೆಳಗೆ ಸರಿಯಲು ಜಾಗವಿರಲಿಲ್ಲ, ಮೇಲಕ್ಕೆ ಬರಲು ದಾರಿಯಿರಲಿಲ್ಲ. ಮೀನಿಗೆ ಬೇಡ ಅನ್ನಲು ಬಾರದು. ಉಂಡೆ ಬಿತ್ತು, ಬಾಯಿ ತೆರೆಯಿತು. ಉಂಡೆ ಬಿತ್ತು, ಬಾಯಿ ತೆರೆಯಿತು. ಆರನೆಯದಕ್ಕೆ ಇಂಪನಳ ಬಾಯಲ್ಲಿ ಹುಳಿನೀರು ತುಂಬಿತು. ಒಂಬತ್ತನೆಯದಕ್ಕೆ ಅವಳು ಕಸದ ಬುಟ್ಟಿ ಎಳೆದುಕೊಂಡಳು.

ಪಟ್ಟಿ ಬಿಚ್ಚಿದ ಮೇಲೂ ಅವಳು ನೆಲದ ಮೇಲೇ ಕುಳಿತಿದ್ದಳು. ಹಸಿವಿಲ್ಲದೆ ನುಂಗುವುದು ಅವಳಿಗೆ ಹೊಸದಲ್ಲ. ಗಂಡ ಹೋದ ತಿಂಗಳು ಬೀದಿಯವರೆಲ್ಲ ಡಬ್ಬಿ ತಂದಿದ್ದರು. ಎದುರಿಗೆ ನಿಂತು ತಿನ್ನಿಸಿ, ಖಾಲಿ ಡಬ್ಬಿಯೊಂದಿಗೆ ಹಗುರಾಗಿ ಹೋಗುತ್ತಿದ್ದರು. ಅವಳು ಯಾರಿಗೂ ಬೇಡ ಅಂದಿರಲಿಲ್ಲ.

ಒತ್ತಡವನ್ನು ಅರ್ಧಕ್ಕೆ ಇಳಿಸಿದಳು. ಇನ್ನೊಂದು ಸಲ ಕಟ್ಟಿಕೊಂಡು ನೋಡಿದಳು. ಹಿಂಸೆಯಾಗಿತ್ತು, ಅಪಾಯವಿರಲಿಲ್ಲ. ಹನ್ನೊಂದು ಸಾವಿರ ಶಾಲೆಗಳಿಗೆ ಸೂಚನೆ ಕಳುಹಿಸಿದಳು: ಗುರುವಾರ ಬೆಳಿಗ್ಗೆ ಹತ್ತೂವರೆಗೆ ಎರಡನೇ ಪಾಠ. ಪಕ್ಕೆಪಟ್ಟಿ ಕಡ್ಡಾಯ. ಮಕ್ಕಳು ಎಂದಿನಂತೆ ಉಣಿಸಬೇಕು. ಕೆಳಗೆ ನಿರ್ದೇಶಕರ ಎರಡು ವರ್ಷದ ಹಿಂದಿನ ಸಹಿ.

ಗುರುವಾರ ಬೆಳಿಗ್ಗೆ ಅತ್ತೆ ದೋಸೆ ಹುಯ್ಯುತ್ತಿದ್ದರು. ಮಗಳನ್ನು ಮನೆಯಲ್ಲೇ ಉಳಿಸಿಕೊಳ್ಳಲು ಒಂದು ಮಾತು ಸಾಕಿತ್ತು. ಮೈ ಬೆಚ್ಚಗಿದೆ ಅಂದರೆ ಆಯಿತು. ಮೂರು ಲಕ್ಷ ಮಕ್ಕಳನ್ನು ಕಳುಹಿಸಿ ತನ್ನದೊಂದನ್ನು ಉಳಿಸಿಕೊಳ್ಳುವುದು ಹೇಸಿಗೆ ಎನ್ನಿಸಿತು. ಕಳುಹಿಸುವುದೂ ಹೇಸಿಗೆಯೇ.

"ಒಂದೇ ದೋಸೆ ಸಾಕು ಅತ್ತೆ, ಇವತ್ತೊಂದಿನ."

"ಹೊಸ ಪಾಠ ಅಂತೆ ಶಾಲೇಲಿ. ಖಾಲಿ ಹೊಟ್ಟೇಲಿ ಹೋಗತ್ತಾ ಮಗು?"

ನೇಸರ ಮೂರು ತಿಂದು ಹೋದಳು.

ಹತ್ತೂವರೆಗೆ ಗೋಡೆಯ ಮೇಲೆ ಮೂರು ಲಕ್ಷದ ಹನ್ನೆರಡು ಸಾವಿರ ಕೈಗಳಿದ್ದವು. ತೋಳು ಎಸೆಯತೊಡಗಿತು. ಇಂಪನ ನಿಂತೇ ನೋಡಿದಳು. ಐದನೇ ನಿಮಿಷದವರೆಗೆ ಸಂಖ್ಯೆ ಅಲುಗಲಿಲ್ಲ. ಏಳನೇ ನಿಮಿಷಕ್ಕೆ ಎರಡು ಲಕ್ಷದ ಎಂಬತ್ತು ಸಾವಿರ. ಹತ್ತಕ್ಕೆ ಒಂದು ಲಕ್ಷ. ಶಾಲೆಗಳಿಂದ ಸಂದೇಶಗಳು ಬಂದು ಬೀಳತೊಡಗಿದವು. ಮಕ್ಕಳು ವಾಂತಿ ಮಾಡುತ್ತಿದ್ದಾರೆ. ಬೆಂಚಿನ ಮೇಲೆಲ್ಲ ಆಗಿದೆ. ಯಂತ್ರ ಕೆಟ್ಟಿದೆಯೇ, ಏನು ಮಾಡಬೇಕು. ಸಿಂಧನೂರಿನ ಕಡೆಯ ಒಬ್ಬ ಮೇಷ್ಟ್ರು ಬರೆದಿದ್ದರು: "ಇದು ಮೀನಿಗೆ ದಿನಾ ಹಿಂಗೇ ಇರತ್ತಾ ಅಂತ ನನ್ನ ತರಗತಿಯ ಹುಡುಗಿ ಕೇಳ್ತಿದ್ದಾಳೆ. ಏನು ಹೇಳಲಿ?"

ಅವಳು ಉತ್ತರಿಸಿದ್ದು ಅದೊಂದಕ್ಕೆ. "ಹೌದು ಅಂತ ಹೇಳಿ."

ಇಪ್ಪತ್ತನೇ ನಿಮಿಷಕ್ಕೆ ಸಂಖ್ಯೆ ನಾನೂರಕ್ಕೆ ಇಳಿಯಿತು. ನೂರಕ್ಕೆ ಒಂದರಂತೆ ನಾಲ್ಕು ಉಂಡೆ ಬಿದ್ದವು. ಆಮೇಲೆ ತೋಳು ನಿಂತಿತು. ಐದು ವರ್ಷದಲ್ಲಿ ಮೊದಲ ಸಲ ಹಗಲು ಹೊತ್ತಿನಲ್ಲಿ ಮಡುವಿನ ನೀರು ಸದ್ದಿಲ್ಲದೆ ಇತ್ತು.

ಇಂಪನ ಶಾಲೆಗೆ ಹೋದಾಗ ನೇಸರ ಹಿಂದಿನ ನಲ್ಲಿಯ ಹತ್ತಿರ ಲಂಗದ ಮುಂಭಾಗವನ್ನು ತಾನೇ ತೊಳೆದುಕೊಳ್ಳುತ್ತಿದ್ದಳು. ತುಟಿ ಬಿಳಿಚಿತ್ತು. ಅಮ್ಮನನ್ನು ನೋಡಿ ನಲ್ಲಿ ನಿಲ್ಲಿಸಿದಳು.

"ನೀನು ಮಾಡಿದ್ದಾ?"

"ಹೂಂ."

"ಮೊದ್ಲೇ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಪಟ್ಟಿ ಕಟ್ಕೊಳ್ತಿರಲಿಲ್ಲ."

"ಹೂಂ. ಅದಕ್ಕೇ ಹೇಳ್ಬೇಕಿತ್ತು."

ಇಂಪನ ಕೈ ಚಾಚಿದಳು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಮನೆಗೆ ಬರುವ ದಾರಿಯಲ್ಲಿ ಸ್ಕೂಟರಿನ ಹಿಂದಿನ ಕಂಬಿ ಹಿಡಿದು ಕುಳಿತಳು, ಅಮ್ಮನ ಸೊಂಟವನ್ನಲ್ಲ.

ಅಂದು ಸಂಜೆ ಜಯಶೀಲಮ್ಮ ಮೊಸರನ್ನ ಕಲಸಿ ತಂದರು. ಹುಡುಗಿ ಎರಡು ತುತ್ತು ತಿಂದು ಬಾಯಿ ಮುಚ್ಚಿಕೊಂಡಳು.

"ಇನ್ನೊಂದೇ ಒಂದು ಬಂಗಾರ. ನಿಮ್ಮಪ್ಪಂದು."

"ಅಪ್ಪಂಗೆ ಹಸಿವಿಲ್ಲ," ಎಂದಳು ನೇಸರ.

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಬೆರಳಿನಿಂದ ಮೊಸರು ಮೊಣಕೈಯತ್ತ ಇಳಿಯಿತು. ಅವರು ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಇಂಪನ ಎದ್ದು ಹೋಗಲಿಲ್ಲ.

ಮೂರನೇ ದಿನ ವೃಷಭೇಂದ್ರರು ಕಾರಿನಲ್ಲಿ ಬಂದರು. ಪಾಲಕರು ಹೆದ್ದಾರಿ ತಡೆದಿದ್ದರು. ಟಿವಿಯಲ್ಲಿ ವಾಂತಿಯ ಚಿತ್ರಗಳು ಮಸುಕು ಮಾಡಿ ಬರುತ್ತಿದ್ದವು. ವಿಚಾರಣೆ ಮುಗಿಯುವ ತನಕ ತುತ್ತು ಬಂದ್, ಮಡುವಿನ ಗೇಟು ಬಂದ್. ಭಕ್ತರ ಪುರಿ ಕೂಡ ಒಳಗೆ ಹೋಗುವಂತಿರಲಿಲ್ಲ.

"ನೀವು ಒತ್ತಡ ಹೆಚ್ಚಿಸಿದ್ದೀರಿ," ಎಂದರು ಅವರು ಕುರ್ಚಿಯಲ್ಲಿ ಕೂರದೆ. "ಒಪ್ಕೊಳ್ಳಿ. ಸಣ್ಣ ಶಿಕ್ಷೆಯಲ್ಲಿ ಮುಗಿಸ್ತೀನಿ. ಮೀನಿಗೆ ಹಂಗೆ ಆಗತ್ತೆ ಅಂತ ಯಾರು ನಂಬ್ತಾರೆ?"

"ಹೆಚ್ಚಿಸಿಲ್ಲ ಸರ್. ಅರ್ಧ ಮಾಡಿದ್ದೆ."

ಮೇಜಿನ ಮೇಲೆ ಒಂದು ಪಕ್ಕೆಪಟ್ಟಿ ಇತ್ತು. ಅವಳು ಅದನ್ನು ಅವರ ಕಡೆ ಸರಿಸಿದಳು. ಅವರು ಮುಟ್ಟಲಿಲ್ಲ.

"ಅರ್ಧ ಅನ್ನೋದು ಎಲ್ಲೂ ಬರಬಾರ್ದು," ಎಂದರು ಕೊನೆಗೆ. "ಪೂರ್ತಿ ಎಷ್ಟು ಅಂತ ಕೇಳ್ತಾರೆ." ಅಮಾನತಿನ ಆದೇಶವನ್ನು ಅದೇ ಪಟ್ಟಿಯ ಮೇಲಿಟ್ಟು ಹೋದರು.

ಕೊಠಡಿಯ ಕೀಲಿ ಕೇಳುವುದನ್ನು ಅವರು ಮರೆತಿದ್ದರು. ಇಂಪನ ದಿನಾ ಹೋಗಿ ಕೂತಳು. ತುತ್ತು ನಿಂತ ಆರನೇ ದಿನಕ್ಕೆ ಹೊಟ್ಟೆಯ ಒತ್ತಡಗಳು ಇಳಿದಿದ್ದವು. ಮೀನುಗಳು ಮೆಟ್ಟಿಲ ಬುಡ ಬಿಟ್ಟು ಮಡುವಿನ ಮೇಲ್ತುದಿಗೆ ಸರಿದು, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಎಂಟನೇ ದಿನ ಬೆಳಿಗ್ಗೆ ಜವರಯ್ಯ ಕಿಟಕಿ ತಟ್ಟಿದ.

"ಕೆಂಪು ನೀರು ಬಂತು. ಬನ್ನಿ."

ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಎಣ್ಣೆಯ ಪಸೆ, ಬಿಳಿ ಎಳೆ, ಹಳಸಿದ ಹಿಟ್ಟು ಎಲ್ಲವೂ ಒಂದು ರಾಡಿಯಾಗಿ ಕೆಳಗೆ ಕೊಚ್ಚಿಹೋಗುತ್ತಿತ್ತು. ನಾರುತ್ತಿತ್ತು. ಮೇಲ್ತುದಿಯಲ್ಲಿ ಒಡೆದ ಕಟ್ಟೆಯೊಂದಿದೆ. ಮೀನು ಹತ್ತುವುದಾದರೆ ಅದರ ಸಂದಿಯಲ್ಲೇ ಹತ್ತಬೇಕು. ಇಬ್ಬರೂ ಬಂಡೆಯ ಮೇಲೆ ಕುಳಿತರು. ಒಂದು ಗಂಟೆ ಏನೂ ಇಲ್ಲ. ಆಮೇಲೆ ಸಂದಿಯಲ್ಲಿ ಒಂದು ಗೂನುಬೆನ್ನು ಎದ್ದಿತು, ನೊರೆಯಲ್ಲಿ ಅರೆಕ್ಷಣ ಅಡ್ಡಬಿತ್ತು, ಕೆಳಕ್ಕೆ ಜಾರಿತು. ಕೊಬ್ಬಿದ ಮೈ. ಮತ್ತೆ ಹತ್ತಿತು, ಮತ್ತೆ ಜಾರಿತು. ನಾಲ್ಕನೇ ಸಲ ಕಿತ್ತಳೆ ಬಾಲ ಕಟ್ಟೆಯ ಆಚೆ ಬಡಿಯಿತು.

"ಒಂದು," ಎಂದ ಜವರಯ್ಯ, ಲೆಕ್ಕಕ್ಕಲ್ಲ, ಸುಮ್ಮನೆ.

ಸಂಜೆಯೊಳಗೆ ಹದಿನೇಳರಲ್ಲಿ ಹನ್ನೊಂದು ಹೆಣ್ಣು ಹತ್ತಿದವು, ಹಿಂದೆ ಇಪ್ಪತ್ತೆರಡು ಗಂಡು. ಎರಡು ಹೆಣ್ಣು ಬಂಡೆಗೆ ಬಡಿದು ಹೊಟ್ಟೆ ಒಡೆದು ಸತ್ತವು. ನಾಲ್ಕು ಹತ್ತಲೇ ಇಲ್ಲ. ಮೆಟ್ಟಿಲ ಬುಡಕ್ಕೆ ವಾಪಸ್ಸು ಬಂದು ಬಾಯಿ ತೆರೆದು ನಿಂತವು. ನಲವತ್ತನಾಲ್ಕು ಯಾವ ಗುಂಪಿನಲ್ಲಿತ್ತೆಂದು ಇಂಪನ ಚುಕ್ಕೆಗಳಲ್ಲಿ ನೋಡಿಕೊಂಡಳು. ಹತ್ತಿದವುಗಳಲ್ಲಿತ್ತು. ಮಗಳಿಗೆ ಹೇಳಿದಳು. ಮಗಳು ಹೂಂ ಎಂದಳು. ಅಮ್ಮನ ಜೊತೆ ಅವಳ ಮಾತು ಆಗ ಅಷ್ಟಕ್ಕೆ ನಿಂತಿತ್ತು.

ಹದಿಮೂರನೇ ದಿನ ವಿಚಾರಣೆ ಮುಗಿದು ಯೋಜನೆ ಮತ್ತೆ ಶುರುವಾಯಿತು. ಅರ್ಧ ಖಾಲಿಯಾದ ಮಡುವಿಗೆ ಬಾಯಿಗಳು ಬೇಕಿದ್ದವು. ಒಂದು ಶನಿವಾರ ಮಧ್ಯಾಹ್ನ ಲಾರಿ ಬಂದು ನೀಲಿ ಡ್ರಮ್ಮುಗಳನ್ನು ಇಳಿಸಿತು. ಶಾಲೆ ಮುಗಿಸಿ ಅಮ್ಮನ ಸ್ಕೂಟರಿನಲ್ಲಿ ಬಂದಿದ್ದ ನೇಸರ ಗೇಟಿನ ಕಂಬಿಗಳ ಸಂದಿಯಿಂದ ನೋಡಿದಳು, ಪಕ್ಕದಲ್ಲಿ ಜವರಯ್ಯ. ಡ್ರಮ್ಮಿನಿಂದ ಸುರಿದದ್ದು ಕಪ್ಪು, ಲೋಳೆ, ಮೀಸೆ. ಬೇರೆ ದೇಶದ ಕ್ಯಾಟ್‌ಫಿಶ್. ಕೋಳಿ ಅಂಗಡಿಯ ಕರುಳು ಹಾಕಿ ಹೊಂಡದಲ್ಲಿ ಬೆಳೆಸಿ, ತುಟಿಗೆ ಮಣಿ ಹಾಕಿ ತಂದವು. ಒಂದರ ಬಾಯಲ್ಲಿ ಇನ್ನೊಂದರ ಬಾಲವಿತ್ತು. ದಾಖಲೆಯಲ್ಲಿ "ಪೂರಕ ಮೀನು" ಎಂದಷ್ಟೇ ಬರೆದಿದ್ದರು.

"ಏನ್ ತಿಂತವೆ ತಾತ ಇವು?"

"ಏನಿಲ್ಲ ಅನ್ನು. ಹೆಣ ಹಾಕುದ್ರೂ ತಿಂತವೆ. ಬಿಳಿಮೀನಿನ ಮರಿ ಕೆಳಿಕ್ ಇಳುದ್ರೆ ಒಂದೂ ಉಳಿಯಾಕಿಲ್ಲ ಕಣ್ ಮಗ."

"ಇಲ್ಲಿ ತಿನ್ನೋಕೆ ಸಿಗ್ಲಿಲ್ಲ ಅಂದ್ರೆ?"

"ಒಂದನ್ನೊಂದು ತಿಂದ್ಕತವೆ. ಇಲ್ಲಾಂದ್ರೆ ಹೊಳೆ ಹಿಡ್ದು ಹೋಯ್ತವೆ. ಕೂಳು ಬಿದ್ರೆ ಮಾತ್ರ ಇಲ್ಲೇ ಕೊಬ್ಕಂಡು ಬಿದ್ದಿರ್ತವೆ."

ಇಂಪನ ಆರು ಕಚೇರಿಗಳಿಗೆ ಪತ್ರ ಬರೆದಳು. ಒಂದು ಕಚೇರಿಯಿಂದ ಉತ್ತರ ಬಂತು: ಮಕ್ಕಳ ಪ್ರತಿಕ್ರಿಯೆ ಮೊದಲಿಗಿಂತ ಉತ್ತಮವಾಗಿದೆ. ಅದು ನಿಜವಿತ್ತು. ಬಿಳಿಮೀನಿನ ತುಟಿ ಮೆತ್ತಗೆ, ಅಂಗೈಗೆ ತಾಗಿಯೂ ತಾಗದ ಹಾಗೆ. ಕ್ಯಾಟ್‌ಫಿಶ್‌ನ ಬಾಯಿ ಉಪ್ಪುಕಾಗದದ ಹಾಗೆ ಒರಟು. ಪೊರೆಯಲ್ಲಿ ಜೋರಾಗಿ ಗೊತ್ತಾಗುತ್ತಿತ್ತು. ಮಕ್ಕಳು ಕಚಗುಳಿಗೆ ಕಿರುಚಿ ನಗುತ್ತಿದ್ದರು. ಪಕ್ಕೆಪಟ್ಟಿಗಳನ್ನು ಇಲಾಖೆ ವಾಪಸ್ಸು ತರಿಸಿಕೊಂಡಿತ್ತು.

ಆಷಾಢ ಮುಗಿಯುವ ಹೊತ್ತಿಗೆ ಶಾಲೆಯಿಂದ ಇಂಪನಳಿಗೆ ಕರೆ ಬಂತು. ತರಗತಿಯ ಟೀಚರ್ ಸುನಂದಾ ಒಳ್ಳೆಯವರು, ದಣಿದವರು. ಅಂಕಪಟ್ಟಿಯನ್ನು ತಿರುಗಿಸಿ ತೋರಿಸಿದರು. ಕರುಣಾಂಕ: ಸೊನ್ನೆ.

"ಪೆಟ್ಟಿಗೇಲಿ ಕೈನೇ ಇಡಲ್ಲ ಮೇಡಂ. ಮೂರು ವಾರ ಆಯ್ತು. ಕೈ ಕಟ್ಕೊಂಡು ಕೂತಿರ್ತಾಳೆ. ಬೇರೆ ಮಕ್ಕಳೂ ನೋಡಿ ಕಲಿತಾವೆ. ನೀವಾದ್ರೂ ಹೇಳಿ."

ಮೂವತ್ತು ಮಕ್ಕಳು ಪೆಟ್ಟಿಗೆಯಲ್ಲಿ ಕೈಯಿಟ್ಟು ನಗುತ್ತಿದ್ದವು. ನೇಸರ ಮೂರನೇ ಬೆಂಚಿನಲ್ಲಿದ್ದಳು. ಅಮ್ಮನನ್ನು ನೋಡಿದಳು, ಏಳಲಿಲ್ಲ.

ಹೇಳುವ ಹಕ್ಕನ್ನು ಇಂಪನ ಆ ದಿನ ನಲ್ಲಿಯ ಹತ್ತಿರ ಕಳೆದುಕೊಂಡಿದ್ದಳು.

"ಒಂದೇ ಒಂದ್ಸಲ ಇಡು ಪುಟ್ಟಿ," ಎಂದರು ಟೀಚರ್. "ಪಾಪ, ಮೀನು ಕಾಯ್ತಿದೆ."

ನೇಸರ ಕೈಯನ್ನು ಪೆಟ್ಟಿಗೆಗೆ ತೂರಿಸಿದಳು. ಒಂದು ಕ್ಷಣ ಇಟ್ಟು ಹೊರಗೆ ತೆಗೆದಳು. ಅಂಗೈಯನ್ನು ಮೂಗಿನ ಹತ್ತಿರ ಹಿಡಿದು, ಮುಖ ಕಿವುಚಿ, ಲಂಗಕ್ಕೆ ಎರಡು ಸಲ ಒರೆಸಿದಳು.

"ಇದು ನಮ್ಮ ಮೀನಲ್ಲ ಮಿಸ್. ಇದು ಇಲ್ಲಿ ಕೊಬ್ಬಿದ್ರೆ ನಮ್ಮ ಮೀನಿನ ಮರಿ ತಿನ್ನತ್ತೆ. ನಾನು ಹಾಕಲ್ಲ. ಸೊನ್ನೆನೇ ಬರ್ಕೊಳ್ಳಿ."

ದನಿ ಏರಿರಲಿಲ್ಲ. ಟೀಚರ್ ಇಂಪನಳ ಕಡೆ ತಿರುಗಿದರು. ಇಂಪನ ಪೆನ್ನು ತೆಗೆದು ಸೊನ್ನೆಯ ಕೆಳಗೆ, ಪಾಲಕರ ಸಹಿಯ ಜಾಗದಲ್ಲಿ, ಸಹಿ ಮಾಡಿದಳು.

ಪೆಟ್ಟಿಗೆಯಲ್ಲಿ ವಾಸನೆ ಬರುವ ಏರ್ಪಾಡೇ ಇರಲಿಲ್ಲ. ಆದರೂ ಪಕ್ಕದ ಬೆಂಚಿನ ಹುಡುಗಿ ನಗು ನಿಲ್ಲಿಸಿ, ಕೈಯನ್ನು ಹೊರಗೆಳೆದು, ತನ್ನ ಅಂಗೈಯನ್ನೂ ಮೂಸಿ ನೋಡಿದಳು.